ಅರ್ಧಕ್ಕೆ ಬಿಟ್ಟ ಮಾತ್ರೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಇಂದು ಕ್ಷಯರೋಗದ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮ ಮಾಮು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲರಾಗಿದ್ದರು. ಹತ್ತು-ಹನ್ನೆರಡು ವರ್ಷದ ಹಿಂದೆ ಅವರಿಗೆ ಕೆಮ್ಮು ಹತ್ತಿತು. ‘ಮೆಣಸಿನಕಾಯಿ ಘಾಟು, ಹೋಗತೈತಿ ಬಿಡು’ ಎಂದರು. ನಾವೂ ನಂಬಿದೆವು. ಕೊನೆಗೆ ಕಫ ಪರೀಕ್ಷೆಯಲ್ಲಿ ಟಿ.ಬಿ. ಎಂದು ಗೊತ್ತಾಯಿತು. ಮಾತ್ರೆ ಶುರುವಾದ ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮೈ ತುಂಬಿತು. ಅಷ್ಟರಲ್ಲಿ ಸುಗ್ಗಿ ಬಂತು. ಮಾಮು ಮಾತ್ರೆ ಬಿಟ್ಟು ಚೀಲ ಹೊರಲು ಹೋದರು. ಮನೆಯಲ್ಲಿ ಓದಿದವನು ನಾನೊಬ್ಬನೇ, ನಾನೂ ಕೇಳಲಿಲ್ಲ. ವರ್ಷದೊಳಗೆ ರೋಗ ಮರಳಿತು. ಈ ಸಲ ಹಳೆಯ ಮಾತ್ರೆಗಳಿಗೆ ಅದು ಜಗ್ಗಲಿಲ್ಲ.

ಹೀಗೇಕೆ? ಸಾಮಾನ್ಯ ಟಿ.ಬಿ.ಗೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧ, ನಂತರ ನಾಲ್ಕು ತಿಂಗಳು ಮೂರು ಔಷಧ. ಒಂದು ಔಷಧಕ್ಕೆ ತಪ್ಪಿಸಿಕೊಂಡ ರೋಗಾಣು ಇನ್ನೊಂದಕ್ಕೆ ಸಿಗಲಿ ಎಂದೇ ಹೀಗೆ ಕೂಡಿಸಿ ಕೊಡುತ್ತಾರೆ. ನಡುವೆ ಬಿಟ್ಟರೆ ದುರ್ಬಲ ರೋಗಾಣುಗಳು ಸತ್ತು, ಗಟ್ಟಿಯಾದವು ಉಳಿದು ಬೆಳೆಯುತ್ತವೆ. ಹೊಲದಲ್ಲಿ ಕರಿಕೆಯ ಬೇರು ಬಿಟ್ಟಂತೆ. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಟಿ.ಬಿ.ಯನ್ನು ಎಂ.ಡಿ.ಆರ್. ಟಿ.ಬಿ. ಎನ್ನುತ್ತಾರೆ. ಅದು ಕೆಮ್ಮಿನ ಮೂಲಕ ಮನೆಯವರಿಗೂ ಹಾಗೆಯೇ ಅಂಟಬಹುದು.

ಮಾಮುವಿಗೆ ಸುಮಾರು ಎರಡು ವರ್ಷ ಚಿಕಿತ್ಸೆಯಾಯಿತು. ತಿಂಗಳುಗಟ್ಟಲೆ ಚುಚ್ಚುಮದ್ದು. ಜೀವ ಉಳಿಯಿತು, ಕಿವಿ ಮಂದವಾಯಿತು. ಇಂದು ಅವರನ್ನು ಕೂಗಿ ಮಾತನಾಡಿಸಬೇಕು.

ಈಗ ಕಾಲ ಬದಲಾಗಿದೆ. ಸಿಬಿನಾಟ್, ಟ್ರೂನಾಟ್ ಯಂತ್ರಗಳು ರೋಗವನ್ನೂ ಅದು ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ತಿಳಿಸುತ್ತವೆ. ಟ್ರೂನಾಟ್ ರೂಪುಗೊಂಡದ್ದು ನಮ್ಮ ಬೆಂಗಳೂರಿನ ಪ್ರಯೋಗಾಲಯದಲ್ಲಿ. ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ನಾಲ್ಕು ಔಷಧಗಳ ಆರು ತಿಂಗಳ ಚಿಕಿತ್ಸೆಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. 2024ರಲ್ಲಿ ನಮ್ಮ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಚುಚ್ಚುಮದ್ದು ಇಲ್ಲ. ಇದು ಯಾರಿಗೆ ಹೊಂದುತ್ತದೆ ಎಂದು ವೈದ್ಯರೇ ನಿರ್ಧರಿಸುತ್ತಾರೆ. ಕಾಲು ಜೋಮು ಹಿಡಿದರೆ, ಕಣ್ಣು ಮಂಜಾದರೆ ಕೂಡಲೇ ಅವರಿಗೆ ಹೇಳಬೇಕು. ತಾವಾಗಿಯೇ ಮಾತ್ರೆ ಬಿಡಬಾರದು.

ಹಾವೇರಿಯವರಿರಲಿ, ರಾಣೆಬೆನ್ನೂರಿನವರಿರಲಿ, ಬ್ಯಾಡಗಿಯವರಿರಲಿ, ಎರಡು ವಾರ ಕೆಮ್ಮು ನಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಔಷಧವೂ ಉಚಿತ. ಪೌಷ್ಟಿಕ ಆಹಾರಕ್ಕೆ ಚಿಕಿತ್ಸೆಯ ಅವಧಿಯಲ್ಲಿ ನೀಡುವ ತಿಂಗಳ ನೆರವು 2024ರ ನವೆಂಬರಿನಿಂದ 500ರಿಂದ 1000 ರೂಪಾಯಿಗೆ ಏರಿದೆ.

ರಂಜಾನಿನಲ್ಲಿ ಕೆಲವರು ಮಾತ್ರೆ ಬಿಡುತ್ತಾರೆ. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ, ಗುಣವಾದ ಮೇಲೆ ಎಣಿಕೆ ತುಂಬಬಹುದು. ವೈದ್ಯರನ್ನು ಕೇಳಿಯೇ ನಡೆಯಿರಿ. ಮದುವೆಗೆ ಅಡ್ಡಿಯಾದೀತೆಂದು ಹೆಣ್ಣುಮಕ್ಕಳ ಕಾಯಿಲೆ ಮುಚ್ಚಿಡಬೇಡಿ. ಇದು ಗುಣವಾಗುವ ರೋಗ.

ವಿದ್ಯಾರ್ಥಿಗಳೇ, ಮನೆಯಲ್ಲಿ ಯಾರಾದರೂ ಈ ಮಾತ್ರೆ ನುಂಗುತ್ತಿದ್ದರೆ ದಿನವೂ ‘ಇವತ್ತು ತಗೊಂಡ್ರಾ?’ ಎಂದು ಕೇಳಿ. ನಾನು ಕೇಳದೆ ಹೋದ ಪ್ರಶ್ನೆ ಅದೊಂದೇ. ನೀವು ಕೇಳಿ.