ಹುಡುಕುವವರ ಕೈಗೆ ನಮ್ಮ ಪುಟ ಸಿಗಬೇಕಾದರೆ
(ಸ್ವಸಹಾಯ ಸಂಘಗಳ ಕಾರ್ಯಕರ್ತರ ಗಣಕ ತರಬೇತಿಯಲ್ಲಿ ಮಾಡಿದ ಭಾಷಣ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಂದ ಕೆಲಸ ಬಿಟ್ಟು ಬಂದಿದ್ದೀರಿ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಹೊಲಿಗೆ ತರಬೇತಿಗೆ ಅರ್ಜಿ ಕರೆದಿದ್ದೆವು. ಪ್ರಕಟಣೆಯ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿ, ಕೆಲಸ ಮುಗಿಯಿತು ಅಂದುಕೊಂಡೆವು. ಕೊನೆಯ ದಿನ ಕಳೆದ ಮೇಲೆ ಹರಪನಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಮನೆಯವರ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದವಳು. "ಮೊಬೈಲಿನಾಗ ಎಷ್ಟು ಸಲ ಹುಡುಕಿದೆ ರೀ, ನಿಮ್ಮದು ಎಲ್ಲೂ ಬರಲಿಲ್ಲ" ಅಂದಳು. ಪ್ರಕಟಣೆ ಇತ್ತು, ಅವಳಿಗೆ ಸಿಗಲಿಲ್ಲ. ನಮ್ಮ ಅಜಾಗರೂಕತೆಯಿಂದ ಅವಳ ಒಂದು ವರ್ಷ ಹೋಯಿತು.

ಯಾಕೆ ಹೀಗಾಯಿತು? ಗೂಗಲ್‌ನಂಥ ಹುಡುಕು ಯಂತ್ರ ಮುಖ್ಯವಾಗಿ ಪುಟದ ಅಕ್ಷರಗಳನ್ನೂ ಅವುಗಳ ಸುತ್ತ ಇರುವ ಗುರುತುಗಳನ್ನೂ ಓದುತ್ತದೆ. ಆ ಗುರುತುಗಳೇ ಎಚ್‌ಟಿಎಂಎಲ್ ಟ್ಯಾಗ್‌ಗಳು. 1991ರಲ್ಲಿ ಟಿಮ್ ಬರ್ನರ್ಸ್-ಲೀ ಇವುಗಳ ಮೊದಲ ವಿವರ ಕೊಟ್ಟರು. ಇದು ಶೀರ್ಷಿಕೆ, ಇದು ಉಪಶೀರ್ಷಿಕೆ, ಇದು ಚಿತ್ರ ಎಂದು ಯಂತ್ರಕ್ಕೆ ತಿಳಿಸುವುದೇ ಅವುಗಳ ಕೆಲಸ.

ಮೊದಲನೆಯದು ಟೈಟಲ್ ಟ್ಯಾಗ್. ಕೊಟ್ಟೂರು ಬಸ್ ನಿಲ್ದಾಣದಲ್ಲಿ ಬೋರ್ಡ್ ಇಲ್ಲದ ಬಸ್ಸು ನಿಂತರೆ ಯಾರು ಹತ್ತುತ್ತಾರೆ? ಟೈಟಲ್ ಅಂದರೆ ಆ ಬೋರ್ಡು. ಹುಡುಕಿದಾಗ ಸಾಮಾನ್ಯವಾಗಿ ದಪ್ಪಗೆ ಕಾಣುವ ಸಾಲು ಅದೇ. ಎಲ್ಲ ಪುಟಕ್ಕೂ "ಮುಖಪುಟ" ಎಂದು ಬರೆದರೆ ಏನೂ ಪ್ರಯೋಜನವಿಲ್ಲ. "ಉಚಿತ ಹೊಲಿಗೆ ತರಬೇತಿ, ಹರಪನಹಳ್ಳಿ" ಎಂದು ಒಂದೊಂದು ಪುಟಕ್ಕೂ ಅದರದೇ ಹೆಸರು ಕೊಡಿ.

ಎರಡನೆಯದು ಎಚ್1, ಎಚ್2 ಎಂಬ ಶೀರ್ಷಿಕೆ ಟ್ಯಾಗ್‌ಗಳು. ಅಕ್ಷರ ದೊಡ್ಡದು ಮಾಡಿದ ಮಾತ್ರಕ್ಕೆ ಅದು ಶೀರ್ಷಿಕೆ ಆಗುವುದಿಲ್ಲ. ಯಾರು ಅರ್ಜಿ ಹಾಕಬಹುದು, ಯಾವ ದಾಖಲೆ ಬೇಕು, ಕೊನೆಯ ದಿನ ಯಾವುದು, ಇವನ್ನು ಉಪಶೀರ್ಷಿಕೆಗಳಾಗಿ ಗುರುತಿಸಿ.

ಮೂರನೆಯದು ಚಿತ್ರಕ್ಕೆ ಆಲ್ಟ್ ವಿವರಣೆ. "ಹಡಗಲಿ ಮಲ್ಲಿಗೆ ಬಿಡಿಸುತ್ತಿರುವ ಸಂಘದ ಸದಸ್ಯೆಯರು" ಎಂದು ಒಂದು ಸಾಲು ಬರೆದರೆ ಯಂತ್ರಕ್ಕೂ ತಿಳಿಯುತ್ತದೆ, ಪರದೆ ಓದುವ ತಂತ್ರಾಂಶ ಬಳಸುವ ಅಂಧ ಬಂಧುಗಳಿಗೂ ತಿಳಿಯುತ್ತದೆ.

ನಾಲ್ಕನೆಯದು ಮೆಟಾ ವಿವರಣೆ, ಅಂದರೆ ಪುಟದ ಸಾರಾಂಶ. ಇದು ಪುಟವನ್ನು ಮೇಲಕ್ಕೆ ತರುವುದಿಲ್ಲ. ಆದರೆ ಟೈಟಲ್ ಕೆಳಗೆ ಕಾಣಿಸಿಕೊಂಡರೆ, ಓದಿದವರು ಪುಟ ತೆರೆಯಲು ಮನಸ್ಸು ಮಾಡುತ್ತಾರೆ.

ಈಗ ನಮ್ಮ ಊರುಗಳ ವಿಚಾರ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹುಡುಕುವವರು ಮೂರರಲ್ಲಿ ಯಾವ ಜಿಲ್ಲೆಯ ಹೆಸರನ್ನಾದರೂ ಹಾಕಬಹುದು. ಹಗರಿಬೊಮ್ಮನಹಳ್ಳಿಯನ್ನು ಜನ ಎಚ್.ಬಿ. ಹಳ್ಳಿ ಅಂತಾರೆ. ಹೂವಿನ ಹಡಗಲಿಗೆ ಬರೀ ಹಡಗಲಿ ಅಂತಾರೆ. ಟೈಟಲ್‌ನಲ್ಲಿ ಈಗಿನ ಹೆಸರು ಇರಲಿ, ಬಳಕೆಯ ಹೆಸರೂ ಹಳೆಯ ಜಿಲ್ಲೆಯ ಹೆಸರೂ ಬರಹದೊಳಗೆ ಒಂದು ಸಲ ಸಹಜವಾಗಿ ಬರಲಿ.

ಹಾಗಂತ ಊರ ಹೆಸರನ್ನು ನೂರು ಸಲ ತುರುಕಬೇಡಿ. ಕೀವರ್ಡ್ಸ್ ಎಂಬ ಮೆಟಾ ಟ್ಯಾಗನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಪದ ಬಚ್ಚಿಟ್ಟರೆ ಪುಟ ಇನ್ನೂ ಕೆಳಗೆ ಹೋಗಬಹುದು.

ಕೊನೆಯ ಮಾತು ನೆನಪಿಡಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದು ನಮಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಿ. ಅದಿಲ್ಲದಿದ್ದರೆ ಯಾವ ಟ್ಯಾಗೂ ನಮ್ಮನ್ನು ಕಾಪಾಡದು.

ಕೋಡ್ ಬರೆಯಲು ಬಾರದವರು ಹೆದರಬೇಡಿ. ಪುಟ ತಯಾರಿಸುವ ತಂತ್ರಾಂಶಗಳಲ್ಲಿ ಇವಕ್ಕೆ ಬೇರೆ ಬೇರೆ ಜಾಗ ಇರುತ್ತದೆ, ಖಾಲಿ ಬಿಡದೆ ತುಂಬಿದರೆ ಸಾಕು. ಇಷ್ಟೆಲ್ಲ ಮಾಡಿದರೂ ನಮ್ಮ ಪುಟವೇ ಮೊದಲು ಬರುತ್ತದೆ ಎಂಬ ಖಾತರಿ ಯಾರೂ ಕೊಡಲಾರರು. ಆದರೆ ಮಾಡದಿದ್ದರೆ ಹುಡುಕುವವರಿಗೆ ದಾರಿಯೇ ಇಲ್ಲ.

ಇವತ್ತು ಮನೆಗೆ ಹೋದ ಮೇಲೆ, ನಿಮ್ಮ ಪಕ್ಕದ ಮನೆಯ ತಾಯಿ ಕೇಳುವ ಮಾತಿನಲ್ಲೇ ನಿಮ್ಮ ಸಂಘವನ್ನು ಮೊಬೈಲಿನಲ್ಲಿ ಹುಡುಕಿ ನೋಡ್ರಿ. ಸಿಗದಿದ್ದರೆ ನಾಳೆ ಅಲ್ಲಿಂದಲೇ ಕೆಲಸ ಶುರು ಮಾಡೋಣ. ಆ ಹೆಣ್ಣುಮಗಳಿಗೆ ಆದದ್ದು ಇನ್ನೊಬ್ಬಳಿಗೆ ಆಗಬಾರದು.