ಸೈಪ್ರಸ್ ದ್ವೀಪದಲ್ಲಿ ಸಂಚಾರ

ಭೂಮಧ್ಯ ಸಮುದ್ರದ ಪೂರ್ವದ ಮೂಲೆಯಲ್ಲಿ, ತುರ್ಕಿ ದೇಶಕ್ಕೆ ದಕ್ಷಿಣವಾಗಿಯೂ ಸಿರಿಯಾ ದೇಶಕ್ಕೆ ಪಶ್ಚಿಮವಾಗಿಯೂ ಸೈಪ್ರಸ್ ಎಂಬ ದ್ವೀಪವಿರುವುದು. ಆ ಸಮುದ್ರದ ದ್ವೀಪಗಳಲ್ಲಿ ಸಿಸಿಲಿ, ಸಾರ್ಡೀನಿಯಾಗಳ ತರುವಾಯ ಇದೇ ದೊಡ್ಡದು. ದೊಡ್ಡದೆಂದರೂ ಇದರ ವಿಸ್ತಾರ ಸುಮಾರು ೩,೫೭೦ ಚದರ ಮೈಲಿಗಳು. ನಮ್ಮ ಕೊಡಗಿನ ಎರಡರಷ್ಟಕ್ಕಿಂತ ತುಸು ಹೆಚ್ಚು. ಕೊಡಗಿನ ಹೆಸರನ್ನು ಇಲ್ಲಿ ಎತ್ತಿದ್ದಕ್ಕೆ ಅಳತೆಯಲ್ಲದೆ ಬೇರೆ ಕಾರಣವೂ ಉಂಟು. ಅದು ಮುಂದೆ ಶ್ರೋತೃಗಳಿಗೆ ತಿಳಿದುಬರುವುದು.

ಈ ದ್ವೀಪದ ಭಾಗ್ಯಕ್ಕೂ ದುರ್ಭಾಗ್ಯಕ್ಕೂ ಮೂಲ ಅದರ ತಾಮ್ರ. ಲ್ಯಾಟಿನ್ ಭಾಷೆಯಲ್ಲಿ ತಾಮ್ರಕ್ಕೆ 'ಕುಪ್ರಮ್' ಎಂಬ ಹೆಸರು ಬಂದುದೇ ಸೈಪ್ರಸ್ಸಿನಿಂದ. ತಾಮ್ರವಿದ್ದಲ್ಲಿ ಹಡಗುಗಳು ಬರುವುವು. ಹಡಗುಗಳ ಹಿಂದೆ ಅರಸರು ಬರುವರು. ಅಸ್ಸೀರಿಯದವರು, ಈಜಿಪ್ಟಿನವರು, ಪರ್ಷಿಯದವರು, ರೋಮನರು, ಬಿಜಾಂಟಿಯಮ್ಮಿನ ಚಕ್ರವರ್ತಿಗಳು ಒಬ್ಬರಾದ ಮೇಲೊಬ್ಬರು ಇದನ್ನು ಆಳಿದರು. ೧೧೯೧ರಲ್ಲಿ ಧರ್ಮಯುದ್ಧಕ್ಕೆಂದು ಹೊರಟ ಇಂಗ್ಲೆಂಡಿನ ದೊರೆ ರಿಚರ್ಡನು ದಾರಿಯಲ್ಲಿ ಇದನ್ನು ಗೆದ್ದು, ಲಿಮಸಾಲ್ ಪಟ್ಟಣದಲ್ಲಿ ತನ್ನ ಮದುವೆಯನ್ನೂ ಮಾಡಿಕೊಂಡು, ಕೆಲವೇ ತಿಂಗಳಲ್ಲಿ ದ್ವೀಪವನ್ನು ಟೆಂಪ್ಲರ್ ವೀರರಿಗೆ ಮಾರಿದನು. ಹೊಲ ಮನೆಗಳನ್ನು ಮಾರಿದಂತೆ ಒಂದು ದೇಶವನ್ನು ಮಾರಿದುದು ನಮಗೆ ವಿಚಿತ್ರವಾಗಿ ತೋರಬಹುದು. ಆ ಕಾಲದಲ್ಲಿ ಅದು ವಿಚಿತ್ರವಾಗಿರಲಿಲ್ಲ. ಅನಂತರ ಲುಸಿನ್ಯಾನ್ ಎಂಬ ಫ್ರೆಂಚ್ ವಂಶದವರು, ೧೪೮೯ರಿಂದ ವೆನಿಸ್ಸಿನವರು, ೧೫೭೧ರಿಂದ ಆಟೊಮನ್ ತುರ್ಕರು, ೧೮೭೮ರಿಂದ ಬ್ರಿಟಿಷರು ಆಳಿದರು. ೧೯೬೦ರ ಆಗಸ್ಟ್ ತಿಂಗಳಲ್ಲಿ ದ್ವೀಪವು ಸ್ವತಂತ್ರವಾಯಿತು.

ಯಾತ್ರಿಕನು ಬೇಸಗೆಯಲ್ಲಿ ಹೋಗದಿರುವುದು ಮೇಲು. ಒಳನಾಡಿನ ಬಿಸಿಲು ನಮ್ಮ ರಾಯಚೂರಿನ ಬಿಸಿಲಿಗೆ ಸೋಲುವುದಿಲ್ಲ. ಏಪ್ರಿಲ್ ತಿಂಗಳು ಉತ್ತಮವಾದುದು. ನಮ್ಮಲ್ಲಿಯಂತೆಯೇ ಅಲ್ಲಿಯೂ ಬಂಡಿಗಳು ರಸ್ತೆಯ ಎಡಭಾಗದಲ್ಲಿ ಹೋಗುವುದರಿಂದ ಮೋಟಾರನ್ನು ಬಾಡಿಗೆಗೆ ಹಿಡಿದು ನಾವೇ ನಡೆಸಿಕೊಂಡು ಹೋಗಬಹುದು. ಲಾರ್ನಕ ಅಥವಾ ಪಾಫೋಸ್ ವಿಮಾನನಿಲ್ದಾಣದಲ್ಲಿಯೇ ಇಳಿಯಬೇಕು. ಉತ್ತರ ಭಾಗದ ನಿಲ್ದಾಣದಲ್ಲಿ ಇಳಿದವನನ್ನು ಸೈಪ್ರಸ್ ಗಣರಾಜ್ಯದ ಸರ್ಕಾರವು ಸಕ್ರಮವಾಗಿ ಬಂದವನೆಂದು ಎಣಿಸುವುದಿಲ್ಲ.

ಲಾರ್ನಕದ ಮಗ್ಗುಲಲ್ಲಿ ಒಂದು ಉಪ್ಪಿನ ಸರೋವರವುಂಟು. ಚಳಿಗಾಲದಲ್ಲಿ ನಸುಗೆಂಪು ಬಣ್ಣದ ಫ್ಲೆಮಿಂಗೊ ಹಕ್ಕಿಗಳು ಸಾವಿರಾರು ಬಂದು ಅಲ್ಲಿ ಇಳಿಯುವುವು. ದಡದಲ್ಲಿ, ತಾಳೆಯ ಮರಗಳ ನಡುವೆ, ಏಳನೆಯ ಶತಮಾನದಲ್ಲಿ ಅರಬ್ಬರ ದಂಡಿನೊಡನೆ ಬಂದು ಇಲ್ಲಿಯೇ ಮರಣಹೊಂದಿದ ಉಮ್ಮ್ ಹರಾಮ್ ಎಂಬ ಪೂಜ್ಯ ಸ್ತ್ರೀಯ ದರ್ಗಾ ಇರುವುದು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಮೈಲಿ ಹೋದರೆ ಖಿರೋಕಿಟಿಯ. ಒಂಬತ್ತು ಸಾವಿರ ವರ್ಷಗಳ ಹಿಂದೆ ಮನುಷ್ಯರು ಕಲ್ಲು ಮಣ್ಣುಗಳಿಂದ ಕಟ್ಟಿಕೊಂಡ ದುಂಡನೆಯ ಮನೆಗಳ ತಳಪಾಯಗಳು ಗುಡ್ಡದ ಮೈಮೇಲೆ ಇಂದಿಗೂ ಕಾಣುತ್ತವೆ. ಸತ್ತವರನ್ನು ಅವರು ಮನೆಯ ನೆಲದ ಕೆಳಗೇ ಹೂಳಿ, ಅದರ ಮೇಲೆಯೇ ಸಂಸಾರ ನಡೆಸುತ್ತಿದ್ದರು.

ಪಾಫೋಸಿನಲ್ಲಿ ೧೯೬೨ರಲ್ಲಿ ಹೊಲವನ್ನು ಉಳುವಾಗ ನೇಗಿಲಿನ ಬಾಯಿಗೆ ರೋಮನರ ಕಾಲದ ಮನೆಯೊಂದರ ನೆಲವು ಸಿಕ್ಕಿತು. ಬಣ್ಣಬಣ್ಣದ ಸಣ್ಣ ಕಲ್ಲುಚೂರುಗಳನ್ನು ಜೋಡಿಸಿ ಬರೆದ ಚಿತ್ರಗಳು ಅಲ್ಲಿ ತುಂಬಿವೆ. ಇವನ್ನು ಎಲ್ಲರೂ ನೋಡುವರು. ಆದರೆ ಹತ್ತು ಮೈಲಿ ಆಚೆಗಿರುವ ಕೂಕ್ಲಿಯ ಎಂಬ ಹಳ್ಳಿಗೆ ಹೋಗುವವರು ಕಡಮೆ. ನಮ್ಮ ದೇಶದವರು ತಪ್ಪದೆ ಹೋಗಬೇಕಾದ ಸ್ಥಳ ಅದು. ಗ್ರೀಕರ ಸೌಂದರ್ಯದೇವತೆಯಾದ ಅಫ್ರೊಡೈಟಿಯು ಸೈಪ್ರಸ್ಸಿನ ಕಡಲ ನೊರೆಯಿಂದ ಹುಟ್ಟಿ ಬಂದಳೆಂದು ಐತಿಹ್ಯ. ಆ ಕಡಲ ಬಂಡೆಯ ಬಳಿ ಪಟ ತೆಗೆದುಕೊಳ್ಳುವ ಜನಕ್ಕೆ ಲೆಕ್ಕವಿಲ್ಲ. ಅವಳ ಮಹಾಕ್ಷೇತ್ರವಿದ್ದುದು ಈ ಕೂಕ್ಲಿಯದಲ್ಲಿ. ಇತರ ದೇಶಗಳಲ್ಲಿ ಅವಳನ್ನು ಚೆಲುವಾದ ಹೆಣ್ಣಿನ ರೂಪದಲ್ಲಿ ಕಡೆದರೆ, ಅವಳ ತವರಾದ ಇಲ್ಲಿ ಪೂಜೆಗೊಂಡುದು ಮೇಲಕ್ಕೆ ಹೋದಂತೆ ಕಿರಿದಾಗುವ ಒಂದು ಶಿಲೆ! ಕೈಯಿಲ್ಲ, ಮುಖವಿಲ್ಲ. ರೋಮನ್ ಇತಿಹಾಸಕಾರನಾದ ಟ್ಯಾಸಿಟಸ್ಸನು ಇದನ್ನು ವರ್ಣಿಸಿ, ಹೀಗೇಕೆಂಬುದು ತಿಳಿಯದೆಂದು ಆಶ್ಚರ್ಯಪಡುತ್ತಾನೆ. ಬಲಿಪೀಠದ ಮೇಲೆ ರಕ್ತವನ್ನು ಚೆಲ್ಲಬಾರದೆಂಬ ಕಟ್ಟಳೆಯಿದ್ದಿತೆಂದೂ ಅವನೇ ಹೇಳುತ್ತಾನೆ. ಮುಂದೆ ಚಕ್ರವರ್ತಿಯಾದ ಟೈಟಸ್ಸನು ಕ್ರಿ. ಶ. ೬೯ರಲ್ಲಿ ಇಲ್ಲಿಗೆ ಬಂದು ಭವಿಷ್ಯವನ್ನು ಕೇಳಿದನು. ಆ ಕ್ಷೇತ್ರದಲ್ಲಿ ದೊರೆತ ಹಾಗೆಯೇ ಇರುವ ಕರಿಯ ಶಿಲೆಯೊಂದು ಈಗ ಹಳ್ಳಿಯ ವಸ್ತುಸಂಗ್ರಹಾಲಯದಲ್ಲಿರುವುದು. ಟ್ಯಾಸಿಟಸ್ಸನ ಆಶ್ಚರ್ಯವು ನಮಗೆ ಉಂಟಾಗಲಿಲ್ಲ. ನಿರಾಕಾರವಾದ ಶಿಲೆಯ ಮುಂದೆ ಕೈಮುಗಿಯುವುದು ನಮ್ಮವರಿಗೆ ಹೊಸದೇನೂ ಅಲ್ಲವಷ್ಟೆ.

ಸಮುದ್ರತೀರಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪೂರ್ವದ ಅಯಿಯ ನಾಪದಲ್ಲಿ ಬಿಳಿಯ ಮರಳೂ ತಿಳಿಯಾದ ನೀರೂ ಇವೆ; ಜೊತೆಗೆ ಸಂತೆಯ ಗದ್ದಲವೂ ಇದೆ. ನಮ್ಮ ಮನಸ್ಸಿಗೆ ಒಪ್ಪಿದುದು ಪಾಫೋಸಿಗೆ ಉತ್ತರದಲ್ಲಿರುವ ಲಾರಾ ತೀರ. ಬೇಸಗೆಯಲ್ಲಿ ಕಡಲಾಮೆಗಳು ಅಲ್ಲಿ ಮೊಟ್ಟೆಯಿಡುವುವು. ೧೯೭೮ರಿಂದ ಅವನ್ನು ಕಾಪಾಡುವ ಏರ್ಪಾಡು ನಡೆದಿದೆ. ಮರಳಿನಲ್ಲಿ ಕೊಡೆ ನೆಡಬಾರದು, ರಾತ್ರಿ ತಂಗಬಾರದು. ಗೂಡುಗಳ ಮೇಲೆ ಪಂಜರಗಳನ್ನು ಕವುಚಿರುವರು. ಒಳನಾಡಿನ ಟ್ರೂಡೋಸ್ ಬೆಟ್ಟಗಳಲ್ಲಿ ಹೊರಗಿನಿಂದ ಕಣಜದಂತೆ ತೋರುವ ಸಣ್ಣ ಇಗರ್ಜಿಗಳುಂಟು. ಹಿಮ ಬೀಳುವ ನಾಡಾದುದರಿಂದ ಮಾಡು ಕಡಿದಾಗಿರುವುದು. ಅಸಿನೂ ಎಂಬಲ್ಲಿಯ ಇಗರ್ಜಿಯ ಬಾಗಿಲು ತೆರೆದು ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಹನ್ನೆರಡನೆಯ ಶತಮಾನದ ಮೊದಲಲ್ಲಿ ಬರೆದ ಸಂತರ ಚಿತ್ರಗಳು ಗೋಡೆಯಿಂದ ಒಬ್ಬೊಬ್ಬರಾಗಿ ಮುಂದೆ ಬಂದಂತಾಗುವುದು.

ಇನ್ನು ರಾಜಧಾನಿಯಾದ ನಿಕೋಸಿಯ. ತುರ್ಕರ ಭಯದಿಂದ ವೆನಿಸ್ಸಿನವರು ೧೫೬೭ರಲ್ಲಿ ಊರ ಸುತ್ತ ದುಂಡನೆಯ ಕೋಟೆಯನ್ನು ಕಟ್ಟತೊಡಗಿದರು. ಹನ್ನೊಂದು ಕೊತ್ತಳಗಳು; ಮೇಲಿನಿಂದ ನೋಡಿದರೆ ನಕ್ಷತ್ರದಂತೆ. ಕೆಲಸ ಪೂರ್ತಿಯಾಗುವ ಮುಂಚೆಯೇ, ೧೫೭೦ರಲ್ಲಿ, ತುರ್ಕರು ಬಂದು ಎರಡು ತಿಂಗಳೊಳಗೆ ಹಿಡಿದರು. ಆ ಕೊತ್ತಳಗಳಲ್ಲಿ ಐದು ಈಗ ದಕ್ಷಿಣದವರ ಕಡೆ, ಐದು ಉತ್ತರದವರ ಕಡೆ. ಒಂದು ಇಬ್ಬರಿಗೂ ಸೇರದ ನಡುವಣ ಪಟ್ಟಿಯಲ್ಲಿ ಉಳಿದಿದೆ. ಗ್ರೀಕ್ ಮಾತಿನ ಕ್ರೈಸ್ತರಿಗೂ ತುರ್ಕಿ ಮಾತಿನ ಮುಸಲ್ಮಾನರಿಗೂ ೧೯೬೩ರ ಡಿಸೆಂಬರಿನಲ್ಲಿ ಹೊಡೆದಾಟವಾದಾಗ, ಬ್ರಿಟಿಷ್ ಸೇನಾಧಿಕಾರಿಯೊಬ್ಬನು ಊರಿನ ನಕ್ಷೆಯ ಮೇಲೆ ಹಸುರು ಸೀಸದ ಕಡ್ಡಿಯಿಂದ ಒಂದು ಗೆರೆಯನ್ನೆಳೆದನು. ಆ ಗೆರೆ ಅಳಿಸಿಹೋಗಲಿಲ್ಲ. ೧೯೭೪ರ ಜುಲೈ ೧೫ರಂದು, ದ್ವೀಪವನ್ನು ಗ್ರೀಸಿನೊಡನೆ ಸೇರಿಸಬೇಕೆನ್ನುವವರು ಗ್ರೀಸಿನ ಸೈನಿಕ ಆಡಳಿತದ ಬೆಂಬಲದಿಂದ ಸರ್ಕಾರವನ್ನು ಉರುಳಿಸಿದರು. ಜುಲೈ ೨೦ರಂದು ತುರ್ಕಿಯ ಸೈನ್ಯವು ಇಳಿಯಿತು. ದ್ವೀಪದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅದರ ವಶವಾಯಿತು. ಒಂದೂವರೆ ಲಕ್ಷಕ್ಕೂ ಮಿಕ್ಕ ಗ್ರೀಕರು ದಕ್ಷಿಣಕ್ಕೂ ನಲವತ್ತು ಸಾವಿರಕ್ಕೂ ಮಿಕ್ಕ ತುರ್ಕರು ಉತ್ತರಕ್ಕೂ ಮನೆಮಠಗಳನ್ನು ಬಿಟ್ಟು ಹೋದರು. ಉತ್ತರದ ಆಡಳಿತವನ್ನು ರಾಜ್ಯವೆಂದು ಒಪ್ಪಿರುವುದು ತುರ್ಕಿ ದೇಶವೊಂದೇ.

ಕೊಡಗಿನ ಮಾತು ಬಂದುದು ಇಲ್ಲಿ. ೧೯೬೪ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯು ಶಾಂತಿಪಾಲನೆಗೆಂದು ಸೈಪ್ರಸ್ಸಿಗೆ ಕಳುಹಿಸಿದ ಸೈನ್ಯದ ಎರಡನೆಯ ನಾಯಕರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು. ಅವರ ಹಿಂದೆ ಗ್ಯಾನಿಯವರು, ಮುಂದೆ ಪ್ರೇಮ್ ಚಂದ್ ಅವರು; ಹೀಗೆ ಮೂವರು ಭಾರತೀಯರು ಆ ಪದವಿಯನ್ನು ವಹಿಸಿದರು. ಗೆಲ್ಲುವುದಕ್ಕೆ ಏನೂ ಇಲ್ಲದ ದಂಡನ್ನು ನಡೆಸುವುದು ಯುದ್ಧ ಬಲ್ಲ ಸೇನಾನಿಗೆ ಸುಲಭವಾದ ಕೆಲಸವಲ್ಲ. ತಿಮ್ಮಯ್ಯನವರು ೧೯೬೫ರ ಡಿಸೆಂಬರ್ ೧೮ರಂದು ಕರ್ತವ್ಯದಲ್ಲಿರುವಾಗಲೇ ಆ ದ್ವೀಪದಲ್ಲಿ ತೀರಿಕೊಂಡರು. ದೇಹವನ್ನು ಬೆಂಗಳೂರಿಗೆ ತಂದು ಸಮಾಧಿ ಮಾಡಿದರು. ಮರುವರ್ಷ ಸೈಪ್ರಸ್ ಸರ್ಕಾರವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

೧೯೭೪ರಿಂದ ವಿಮಾನಗಳ ಓಡಾಟವಿಲ್ಲದೆ ನಿಂತುಹೋದ ನಿಕೋಸಿಯದ ನಿಲ್ದಾಣವು ಈಗ ಆ ಶಾಂತಿಸೈನ್ಯದ ನೆಲೆಯಲ್ಲಿದೆ. ಅಲ್ಲಿ ಒಂದು ಪ್ರಯೋಗಶಾಲೆಯುಂಟು. ಎರಡೂ ಗಲಭೆಗಳಲ್ಲಿ ಕಾಣೆಯಾದವರೆಂದು ಪಟ್ಟಿಯಲ್ಲಿರುವವರು ೨,೦೦೨ ಜನ. ಗ್ರೀಕರು ೧,೫೧೦, ತುರ್ಕರು ೪೯೨. ಬಾವಿಗಳಿಂದಲೂ ಹೊಲಗಳಿಂದಲೂ ತೆಗೆದ ಮೂಳೆಗಳನ್ನು ಎರಡೂ ಜನಾಂಗಗಳ ಶಾಸ್ತ್ರಜ್ಞರು ಒಂದೇ ಕೊಠಡಿಯಲ್ಲಿ ಕುಳಿತು ಪರೀಕ್ಷಿಸಿ, ಸಾವಿರಕ್ಕೂ ಹೆಚ್ಚು ಜನರ ಗುರುತನ್ನು ಹಚ್ಚಿ ಮನೆಯವರಿಗೆ ಒಪ್ಪಿಸಿರುವರು. ಇದು ಯಾತ್ರಿಕರಿಗೆ ತೋರಿಸುವ ಸ್ಥಳವಲ್ಲ. ಆದರೂ ಆ ದ್ವೀಪದಲ್ಲಿ ನಾವು ಕೇಳಿದ ಸಂಗತಿಗಳಲ್ಲೆಲ್ಲ ನಮ್ಮ ಮನಸ್ಸಿನಲ್ಲಿ ನಿಂತುದು ಇದೇ.

೨೦೦೩ರ ಏಪ್ರಿಲಿನಲ್ಲಿ ಗಡಿಯ ಬಾಗಿಲುಗಳು ತೆರೆದುವು. ನಿಕೋಸಿಯದ ಲೆದ್ರಾ ಬೀದಿಯ ದಾರಿ ತೆರೆದುದು ೨೦೦೮ರಲ್ಲಿ. ರಹದಾರಿಯನ್ನು ತೋರಿಸಿ ನೂರು ಹೆಜ್ಜೆ ನಡೆದರೆ ಯೂರೋ ನಾಣ್ಯ ಹೋಗಿ ಲಿರಾ ಬರುವುದು, ಗಂಟೆಯ ಸದ್ದು ಹೋಗಿ ಬಾಂಗಿನ ಕೂಗು ಬರುವುದು. ಕಾಫಿ ಮಾತ್ರ ಒಂದೇ. ಆ ಕಡೆ ತುರ್ಕಿ ಕಾಫಿ, ಈ ಕಡೆ ಸೈಪ್ರಸ್ ಕಾಫಿ ಎಂದು ಹೆಸರು ಬೇರೆ. ೨೦೦೪ರಲ್ಲಿ ಒಂದಾಗುವ ಯೋಜನೆಯನ್ನು ಜನರ ಮುಂದಿಟ್ಟಾಗ ಉತ್ತರದವರಲ್ಲಿ ನೂರಕ್ಕೆ ೬೫ ಜನ ಒಪ್ಪಿದರು, ದಕ್ಷಿಣದವರಲ್ಲಿ ನೂರಕ್ಕೆ ೭೬ ಜನ ಬೇಡವೆಂದರು.

ಉತ್ತರದ ಫಾಮಗುಸ್ತದಲ್ಲಿ ಲುಸಿನ್ಯಾನ್ ಅರಸರಿಗೆ ಜೆರೂಸಲೇಮಿನ ದೊರೆಗಳೆಂದು ಪಟ್ಟಕಟ್ಟುತ್ತಿದ್ದ ದೊಡ್ಡ ಇಗರ್ಜಿಯು ಈಗ ಮಸೀದಿ. ಅದರ ಮುಂದೆ ಏಳುನೂರು ವರ್ಷದ್ದೆನ್ನುವ ಅತ್ತಿಯ ಜಾತಿಯ ಮರವೊಂದಿದೆ. ಊರಿನ ದಕ್ಷಿಣಕ್ಕೆ ವರೋಶ. ೧೯೭೪ಕ್ಕೆ ಮುಂಚೆ ದ್ವೀಪದಲ್ಲೆಲ್ಲ ಹೆಸರಾದ ಕಡಲತೀರ ಅದು. ಆಗಸ್ಟಿನಲ್ಲಿ ಜನರು ಓಡಿಹೋದ ಮೇಲೆ ಸೈನ್ಯವು ತಂತಿಯ ಬೇಲಿ ಹಾಕಿತು. ೨೦೨೦ರ ಅಕ್ಟೋಬರಿನಲ್ಲಿ ಉತ್ತರದವರು ಒಂದು ಪಾಲನ್ನು ಮಾತ್ರ ತೆರೆದರು. ರಾಷ್ಟ್ರಸಂಸ್ಥೆಯ ಭದ್ರತಾ ಮಂಡಲಿಯು ಇದನ್ನು ಆಕ್ಷೇಪಿಸಿತು. ಹೋಟೆಲುಗಳ ಉಪ್ಪರಿಗೆಗಳಲ್ಲಿ ಗಿಡ ಬೆಳೆದಿದೆ. ಅಲ್ಲಿ ಹುಟ್ಟಿ ಬೆಳೆದವರು ಬಂದು ಹಗ್ಗದಾಚೆ ನಿಂತು ತಮ್ಮ ಮನೆಯನ್ನು ನೋಡಿ ಹೋಗಬಹುದು, ಒಳಗೆ ಕಾಲಿಡುವಂತಿಲ್ಲ. ಆ ಮರಳಿನಲ್ಲಿ ವಿಹಾರಕ್ಕೆಂದು ಕುಳಿತುಕೊಳ್ಳಲು ನಮಗೆ ಮನಸ್ಸು ಬರಲಿಲ್ಲ.

ಉತ್ತರದ ತೀರದ ಕೈರೀನಿಯ ಕೋಟೆಯಲ್ಲಿ ಒಂದು ಹಡಗನ್ನು ಇಟ್ಟಿರುವರು. ಸುಮಾರು ೨,೩೦೦ ವರ್ಷಗಳ ಹಿಂದೆ ಮುಳುಗಿದ ವ್ಯಾಪಾರದ ಹಡಗಿದು. ಉದ್ದ ೪೭ ಅಡಿ. ೧೯೬೫ರಲ್ಲಿ ಮುಳುಗುಗಾರನೊಬ್ಬನ ಕಣ್ಣಿಗೆ ಬಿದ್ದ ಇದನ್ನು ಅಮೆರಿಕದ ಶಾಸ್ತ್ರಜ್ಞರು ಎತ್ತಿ ಮರಳಿ ಜೋಡಿಸಿದರು. ಹಲವು ಬಾರಿ ರಿಪೇರಿಯಾದ ಮುದಿ ಹಡಗು. ನಾಲ್ಕು ನೂರರಷ್ಟು ಮದ್ಯದ ಜಾಡಿಗಳೂ, ಸಾವಿರಾರು ಬಾದಾಮಿಗಳೂ ಅದರಲ್ಲಿದ್ದುವು. ಬಾದಾಮಿಯ ಸಿಪ್ಪೆಗಳು ಕೆಡದೆ ಉಳಿದಿವೆ. ಊಟದ ಬಟ್ಟಲು, ಲೋಟ, ಸೌಟುಗಳು ನಾಲ್ಕು ನಾಲ್ಕಾಗಿ ಸಿಕ್ಕಿದುದರಿಂದ ಹಡಗಿನಲ್ಲಿ ನಾಲ್ವರಿದ್ದರೆಂದು ಎಣಿಸುವರು. ಅವರು ಯಾವ ಊರವರೋ, ದಡ ಸೇರಿದರೋ ಇಲ್ಲವೋ, ಯಾರೂ ಅರಿಯರು.