ಗುಟ್ಟಿನ ಅಂಕಿಯೇ ನಿಮ್ಮ ರುಜು
(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ನಾಲ್ಕು ತಾಲ್ಲೂಕುಗಳು ಮಳೆಯನ್ನೇ ನೆಚ್ಚಿಕೊಂಡ ಸೀಮೆ. ಮಧುಗಿರಿಯ ಕಡಲೆಕಾಯಿ, ಕೊರಟಗೆರೆಯ ಅಡಿಕೆ, ಶಿರಾ ಕಡೆಯ ಕುರಿ, ಎಲ್ಲ ಕಡೆಯ ರಾಗಿ ಮತ್ತು ಹುಣಿಸೆ, ಇವುಗಳಿಂದ ಬರುವ ದುಡ್ಡು ಎಷ್ಟು ಬೆವರಿನದೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆ ದುಡ್ಡು ಹಿಂದೆ ಕೈಗೆ ಬರುತ್ತಿತ್ತು. ಸೆರಗಿನ ಗಂಟಿನಲ್ಲೋ ಟ್ರಂಕಿನ ತಳದಲ್ಲೋ ಇರುತ್ತಿತ್ತು. ಈಗ ಅದರಲ್ಲಿ ಬಹುಪಾಲು ಬ್ಯಾಂಕಿನ ಖಾತೆಗೆ ಬರುತ್ತದೆ. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಹಣ, ಬೆಳೆ ವಿಮೆಯ ಪರಿಹಾರ, ಡೇರಿಯ ಹಾಲಿನ ಬಟವಾಡೆ, ಇವೆಲ್ಲ ಖಾತೆಯ ದಾರಿಯಲ್ಲೇ ಬರುತ್ತವೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನಲ್ಲಿ ಸೌರ ವಿದ್ಯುತ್ತಿಗಾಗಿ ಸುಮಾರು 13,000 ಎಕರೆ ಜಮೀನನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಆ ಗುತ್ತಿಗೆಯ ಹಣವೇ ಎಷ್ಟೋ ಮನೆಗಳ ಆಧಾರ.

ಈ ಖಾತೆಗೆ ಹಾಕಿರುವ ಬೀಗ ಯಾವುದು? ನಾಲ್ಕು ಅಥವಾ ಆರು ಅಂಕಿಯ ಒಂದು ಪಿನ್. ಫೋನಿಗೆ ಬರುವ ಒಂದು ಓಟಿಪಿ. ಕಂಪ್ಯೂಟರಿನಲ್ಲಾದರೆ ಪಾಸ್‌ವರ್ಡ್ ಎಂಬ ಗುಟ್ಟಿನ ಪದ. ಈ ಬೀಗವನ್ನು ಕಾಯುವುದು ಹೇಗೆಂಬುದೇ ಈ ದಿನದ ವಿಷಯ.

ಸಾಲದ ಪತ್ರದಲ್ಲಿ ಏನಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆಯನ್ನು ನಿಮ್ಮ ಹಿರಿಯರಿಂದ ನೀವು ಕೇಳಿರುತ್ತೀರಿ. ಆ ಕಷ್ಟದಿಂದ ಪಾರಾಗಲೆಂದೇ ಹಿಂದಿನವರು ರಾತ್ರಿಶಾಲೆಗಳಲ್ಲಿ ಲಾಟೀನಿನ ಬೆಳಕಿನಲ್ಲಿ ಕುಳಿತು ರುಜು ಮಾಡಲು ಕಲಿತರು. ಇಂದು ಪಿನ್ ಎಂಬುದೇ ನಿಮ್ಮ ರುಜು. ಯಂತ್ರಕ್ಕೆ ನಿಮ್ಮ ಮುಖದ ಪರಿಚಯವಿಲ್ಲ. ಸರಿಯಾದ ಅಂಕಿ ಒತ್ತಿದವನೇ ಅದಕ್ಕೆ ಯಜಮಾನ. ಪಿನ್ನನ್ನು ಇನ್ನೊಬ್ಬರಿಗೆ ಹೇಳುವುದೆಂದರೆ ಖಾಲಿ ಕಾಗದಕ್ಕೆ ರುಜು ಹಾಕಿ ಕೊಟ್ಟಂತೆಯೇ ಸರಿ.

ಈ ಮಾತನ್ನು ಸರ್ಕಾರವೂ ಅರಿತಿದೆ. ನಮ್ಮ ರಾಜ್ಯದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ, 2000ದ ಸುಮಾರಿನಲ್ಲಿಯೇ, ಖಾತೆ ಬದಲಾವಣೆ ಮಾಡುವ ನೌಕರರಿಗೆ ಬರಿಯ ಪಾಸ್‌ವರ್ಡ್ ಸಾಲದೆಂದು ಬೆರಳಚ್ಚಿನ ಗುರುತನ್ನು ಇಟ್ಟರು. ಗುಟ್ಟಿನ ಪದ ಒಬ್ಬರಿಂದ ಒಬ್ಬರಿಗೆ ದಾಟಿಹೋದರೆ ಪಹಣಿಯನ್ನು ಯಾರು ತಿದ್ದಿದರೆಂದು ಹೇಳಲು ಬರುವುದಿಲ್ಲ. ‘ನಾನು ಮಾಡಿಲ್ಲ’ ಎಂದು ನುಣುಚಿಕೊಳ್ಳುವುದೂ ಸುಲಭ. ಕಚೇರಿಗೆ ಇಷ್ಟು ಎಚ್ಚರಿಕೆ ಬೇಕಾದರೆ ನಮ್ಮ ಮನೆಗೆ ಬೇಡವೇ?

ಆದರೆ ಊರುಗಳಲ್ಲಿ ನಡೆಯುತ್ತಿರುವುದೇನು? ಅಂಗಡಿಯವರ ಕೈಗೆ ಎಟಿಎಂ ಕಾರ್ಡನ್ನೂ ಕೊಟ್ಟು, ಅದರ ಪಿನ್ನನ್ನೂ ಹೇಳಿ, ‘ಸ್ವಲ್ಪ ನೋಡಪ್ಪ, ದುಡ್ಡು ಬಂದಿದೆಯಾ’ ಎನ್ನುತ್ತೇವೆ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಅವನ ಪಕ್ಕದಲ್ಲಿ ನಿಂತವರು ಯಾರೆಂದು ಬಲ್ಲಿರಾ? ಸಹಾಯ ಪಡೆಯುವುದು ತಪ್ಪಲ್ಲ. ಮಿಕ್ಕ ಕೆಲಸವನ್ನೆಲ್ಲ ಅವರು ಮಾಡಲಿ. ಪಿನ್ ಒತ್ತುವ ಬೆರಳು ಮಾತ್ರ ನಿಮ್ಮದಾಗಿರಲಿ. ಗೃಹಲಕ್ಷ್ಮಿಯ ಹಣ ತಾಯಂದಿರ ಖಾತೆಗೆ ಬರುವಂಥದು. ಆ ಖಾತೆಯ ಪಿನ್ನನ್ನೂ ಅವರೇ ಇಟ್ಟುಕೊಳ್ಳತಕ್ಕದ್ದು. ‘ನನಗೇನಾದರೂ ಆದರೆ ಮನೆಯವರ ಗತಿಯೇನು’ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಪಿನ್ ಹೇಳಬೇಕಾಗಿಲ್ಲ. ಬ್ಯಾಂಕಿಗೆ ಹೋಗಿ ನಾಮಿನಿಯ ಹೆಸರು ಬರೆಸಿ; ಹಣ ಅವರಿಗೆ ಸೇರುತ್ತದೆ.

ಇನ್ನು ಆಚರಣೆಗೆ ತರಬೇಕಾದ ಕೆಲವು ಮಾತುಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಬರುವ ಹಣಕ್ಕೆ ಎಂದೂ ಪಿನ್ ಬೇಡ. ‘ನಿಮ್ಮ ಹುಣಿಸೆಗೆ ಮುಂಗಡ ಕಳುಹಿಸುತ್ತೇನೆ, ಈ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ, ಅವನು ಕೊಡಲು ಬಂದವನಲ್ಲ, ಕೊಳ್ಳೆ ಹೊಡೆಯಲು ಬಂದವನು. ಹಾಗೆಯೇ ಓಟಿಪಿಯನ್ನು ಕೇಳುವ ಅಧಿಕಾರ ಬ್ಯಾಂಕಿನ ಮ್ಯಾನೇಜರಿಗೂ ಇಲ್ಲ, ಪೊಲೀಸರಿಗೂ ಇಲ್ಲ. ಅದು ಯಾತಕ್ಕಾಗಿ ಬಂದಿದೆಯೆಂದು ಆ ಸಂದೇಶದಲ್ಲೇ ಬರೆದಿರುತ್ತದೆ. ಇಂಗ್ಲಿಷ್ ಬಾರದಿದ್ದರೆ ಮನೆಯ ಮಕ್ಕಳಿಂದ ಓದಿಸಿ ಕೇಳಿ; ಫೋನಿನಲ್ಲಿ ಕೇಳುವವನಿಗೆ ಮಾತ್ರ ಓದಿ ಹೇಳಬೇಡಿ.

ಎರಡನೆಯದು, ವಾಟ್ಸಾಪಿನಲ್ಲಿ ‘ಪಿ.ಎಂ. ಕಿಸಾನ್’ ಎಂದು ಹೆಸರಿಟ್ಟು, ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಅಕ್ಷರಗಳಿರುವ ಕಡತ ಬಂದರೆ ಮುಟ್ಟಬೇಡಿ. ಅದು ಫೋನಿನೊಳಗೆ ಹೊಕ್ಕು ನಿಮಗೆ ಬರುವ ಓಟಿಪಿಯನ್ನು ಕಳ್ಳನಿಗೆ ಸಾಗಿಸುತ್ತದೆ. ಕಿಸಾನ್ ಕಂತಿನ ವಿಚಾರ ಬೇಕಾದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ.

ಮೂರನೆಯದು, ಅಂಕಿಯ ಆಯ್ಕೆ. ನಾಲ್ಕು ಅಂಕಿಗಳಲ್ಲಿ 10,000 ಬಗೆ ಸಾಧ್ಯ; ಆರು ಅಂಕಿಗಳಲ್ಲಿ 10 ಲಕ್ಷ ಬಗೆ ಸಾಧ್ಯ. ಇಷ್ಟಿದ್ದರೂ ನಾವು 1234 ಎಂದೋ ಹುಟ್ಟಿದ ಇಸವಿಯೆಂದೋ ಇಟ್ಟರೆ, ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೆ ಇಟ್ಟಂತಾಯಿತು. ಕಂಪ್ಯೂಟರಿನ ಪಾಸ್‌ವರ್ಡಿಗೆ ತೊಡಕಿಗಿಂತ ಉದ್ದವೇ ಹೆಚ್ಚು ಬಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿಕೊಳ್ಳಿ: ‘ನೇಗಿಲು ಬುಧವಾರ ಲಾಟೀನು ಮಜ್ಜಿಗೆ’ ಎಂಬಂತೆ. ನೆನಪಿಗೆ ಸುಲಭ, ಊಹೆಗೆ ಕಷ್ಟ. ಸಭೆಯಲ್ಲಿ ಹೇಳಿದ ಈ ನಾಲ್ಕನ್ನೇ ಎಲ್ಲರೂ ಇಟ್ಟುಕೊಂಡೀರಿ, ಜೋಕೆ!

ನಾಲ್ಕನೆಯದು, ಎಲ್ಲ ಬಾಗಿಲಿಗೂ ಒಂದೇ ಕೀಲಿ ಬೇಡ. ಒಂದು ಕಡೆ ಕಳುವಾದ ಪಾಸ್‌ವರ್ಡನ್ನು ಕಳ್ಳರು ಮಿಕ್ಕ ಕಡೆಯೂ ಹಾಕಿ ನೋಡುತ್ತಾರೆ. ನಿಮ್ಮ ಮಕ್ಕಳು ಇಮೇಲ್ ಮಾಡಿಕೊಟ್ಟಿದ್ದರೆ ಅದರ ಪಾಸ್‌ವರ್ಡು ಎಲ್ಲಕ್ಕಿಂತ ಬಲವಾಗಿರಲಿ. ಉಳಿದ ಪಾಸ್‌ವರ್ಡುಗಳನ್ನು ಮರೆತಾಗ ಹೊಸದನ್ನು ಪಡೆಯುವ ದಾರಿ ಅನೇಕ ವೇಳೆ ಅದೇ. ಎಲ್ಲವನ್ನೂ ನೆನಪಿಡಲಾಗದಿದ್ದರೆ ಒಂದು ಪುಸ್ತಕದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆ ಬೀಗದಲ್ಲಿಡಿ. ಅದರಲ್ಲೇನೂ ತಪ್ಪಿಲ್ಲ. ಎಟಿಎಂ ಕಾರ್ಡಿನ ಬೆನ್ನ ಮೇಲೆ ಮಾತ್ರ ಪಿನ್ ಬರೆಯಬೇಡಿ. ಸೇವಾ ಕೇಂದ್ರದ ಕಂಪ್ಯೂಟರಿನಲ್ಲಿ ಕೆಲಸ ಮಾಡಿಸಿದರೆ, ಪಾಸ್‌ವರ್ಡನ್ನು ಅದರಲ್ಲಿ ಉಳಿಸಬೇಡಿರೆಂದು ಹೇಳಿ, ಖಾತೆಯಿಂದ ಹೊರಬಂದ ಮೇಲೆಯೇ ಎದ್ದು ಬನ್ನಿ.

ಐದನೆಯದು, ಎರಡು ಬಾಗಿಲು. ಮಧುಗಿರಿಯ ಬೆಟ್ಟ ಹತ್ತಿದವರಿಗೆ ಗೊತ್ತು. ಆ ಕೋಟೆಗೆ ಒಂದೇ ಬಾಗಿಲಲ್ಲ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಬೇರೆ ಬೇರೆ ಇವೆ. ಹಗೆ ಒಂದನ್ನು ಮುರಿದರೆ ಇನ್ನೊಂದು ತಡೆಯಲಿ ಎಂಬುದು ಕಟ್ಟಿದವರ ಜಾಣ್ಮೆ. ಇಮೇಲಿಗೂ ವಾಟ್ಸಾಪಿಗೂ ಇಂಥ ಎರಡನೆಯ ಬಾಗಿಲನ್ನು ಇಡಲು ಬರುತ್ತದೆ. ಕಾಲೇಜಿಗೆ ಹೋಗುವ ಮಕ್ಕಳನ್ನು ಕೇಳಿದರೆ ಕ್ಷಣದಲ್ಲಿ ಮಾಡಿಕೊಡುತ್ತಾರೆ. ಗುಟ್ಟಿನ ಅಂಕಿ ಒತ್ತುವಾಗ ಮಾತ್ರ ಫೋನನ್ನು ನೀವು ತೆಗೆದುಕೊಳ್ಳಿ.

ಆರನೆಯದು, ಬೆರಳಚ್ಚು. ಪಿನ್ ಬಯಲಾದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸುವುದು ಸಾಧ್ಯವೇ? 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದರೆಂಬ ದೂರುಗಳು ಬಂದು ಪೊಲೀಸ್ ತನಿಖೆ ನಡೆಯಿತು. ಆಧಾರ್ ಸಂಸ್ಥೆ ಇದಕ್ಕೊಂದು ಬೀಗ ಕೊಟ್ಟಿದೆ. ಅದರ ಆಪಿನಲ್ಲಿ ಅಥವಾ ಜಾಲತಾಣದಲ್ಲಿ ಬೆರಳಚ್ಚನ್ನು ಲಾಕ್ ಮಾಡಿ, ಬೇಕಾದಾಗ ತೆರೆಯಬಹುದು. ಬೆರಳಿಟ್ಟು ಹಣ ತೆಗೆಯುವಾಗಲೂ ಎಷ್ಟು ತೆಗೆದರೆಂಬ ರಸೀದಿ ಕೇಳಿ ಪಡೆಯಿರಿ. ‘ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಇಡಿ’ ಎಂದರೆ ಮೊದಲು ಯಾಕೆಂದು ಕೇಳಿ.

ಏಳನೆಯದು, ಫೋನ್ ನಂಬರು. ರೀಚಾರ್ಜ್ ಮಾಡದೆ ಬಿಟ್ಟ ನಂಬರು ನಿಂತುಹೋಗುತ್ತದೆ. ನಿಂತ ಮೇಲೆ 90 ದಿನ ಕಳೆದರೆ ಅದನ್ನು ಬೇರೆಯವರಿಗೆ ಕೊಡಬಹುದು. ಬ್ಯಾಂಕಿನಲ್ಲಿ ಹಳೆಯ ನಂಬರೇ ಉಳಿದಿದ್ದರೆ ನಿಮ್ಮ ಓಟಿಪಿ ಅವರ ಫೋನಿಗೆ ಹೋದೀತು. ನಂಬರು ಬದಲಾದ ವಾರದೊಳಗೆ ಬ್ಯಾಂಕು, ಆಧಾರ್ ಎರಡರಲ್ಲೂ ತಿದ್ದಿಸಿ.

ಇಷ್ಟಾದರೂ ಹಣ ಹೋಯಿತೆನ್ನಿ. ಆಗ ನಾಚಿಕೆಪಟ್ಟು ಸುಮ್ಮನೆ ಕೂಡಬಾರದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಉಂಟು. ಆದರೆ ಈ ಕೊಳ್ಳೆಯಲ್ಲಿ ಬೇಗ ಬಾಗಿಲು ಹಾಕಿದರೆ ಹೋದ ಹಣ ದಾರಿಯಲ್ಲೇ ಸಿಕ್ಕುವುದುಂಟು. ಕೂಡಲೇ 1930ಕ್ಕೆ ಫೋನ್ ಮಾಡಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗ ದಾಟಿಸುತ್ತಾರೆ. ಅದಕ್ಕೆ ಮುಂಚೆ ತಡೆಹಿಡಿಸಬೇಕು. ಆಮೇಲೆ ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರ ಮೋಸದಿಂದ ಹಣ ಹೋಗಿದ್ದು, ಅವನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ನಷ್ಟ ಅವನದಲ್ಲ ಎಂದಿತು. ತಾನೇ ಪಿನ್ ಹೇಳಿ ಕಳೆದುಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವನದೇ ಎಂದಿತು. ಗುಟ್ಟು ಕಾಯ್ದವನಿಗೂ ಬಿಟ್ಟವನಿಗೂ ಎಷ್ಟು ಅಂತರವೆಂದು ಇದರಿಂದಲೇ ತಿಳಿಯುತ್ತದೆ.

ಕೊನೆಯದಾಗಿ ಒಂದು ವಿನಂತಿ. ‘ನನಗೆ ಓದು ಬರಹ ಬಾರದು, ಇದೆಲ್ಲ ನನ್ನಿಂದಾಗದು’ ಎಂದು ಯಾರೂ ಹಿಂಜರಿಯಬೇಡಿ. ಸಂತೆಯ ಲೆಕ್ಕವನ್ನು ಬಾಯಲ್ಲೇ ಹಾಕುವ ನಿಮಗೆ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳನ್ನು ಗುರುತಿಸುವುದು ದೊಡ್ಡದಲ್ಲ. ದಿನಕ್ಕೆ ಎರಡರಂತೆ ಐದು ದಿನದಲ್ಲಿ ಕಲಿಯಬಹುದು. ಪ್ರತಿ ಹಳ್ಳಿಯಲ್ಲೂ ಓದಿದ ಮಕ್ಕಳು ಮನೆಯ ಹಿರಿಯರಿಗೆ ಈ ಹತ್ತು ಅಂಕಿಗಳನ್ನು ಕಲಿಸಲಿ. ಸ್ವಸಹಾಯ ಸಂಘದ ತಾಯಂದಿರು ವಾರದ ಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಕೊಡಲಿ. ಈ ತಿಂಗಳೊಳಗೆ ನಿಮ್ಮ ಪಿನ್ನನ್ನು ನಿಮ್ಮ ಬೆರಳಿನಿಂದಲೇ ಬದಲಾಯಿಸಿ, ಹೊಸದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.